ದ್ವೀಪದ ತಂಡ

ಜರ್ಸಿ ಹುಲಿಯಮ್ಮನ ತಲೆ ದಾಟಿ ಭುಜದವರೆಗೆ ಬಂದು ಅಲ್ಲೇ ಸಿಕ್ಕಿಹಾಕಿಕೊಂಡಿತು. ಒಳಗಿನಿಂದ ಅವಳ ಗೊಣಗಾಟ ಮಾತ್ರ ಕೇಳುತ್ತಿತ್ತು. ಚಂದ್ರಿಕಾ ಮುಂದಿನಿಂದ ಅಂಚು ಹಿಡಿದು ಎಳೆದಳು, ಲಿಂಗಮ್ಮ ಬೆನ್ನ ಕಡೆಯಿಂದ ಎಳೆದಳು. ಕೊನೆಗೂ ಹುಲಿಯಮ್ಮನ ಮುಖ ಹೊರಗೆ ಬಂದಾಗ ತುರುಬು ಬಿಚ್ಚಿಹೋಗಿತ್ತು. ಎತ್ತಿ ಕಟ್ಟಿದ ಸೀರೆ, ಅದರ ಕೆಳಗೆ ಯಾರೋ ಕೊಟ್ಟ ಟ್ರ್ಯಾಕ್ ಪ್ಯಾಂಟು, ಮೇಲೆ ತೋಟದ ಕೆಲಸಕ್ಕೆ ಹಾಕುವ ಗಂಡಸರ ತುಂಬುತೋಳಿನ ಅಂಗಿ, ಅದರ ಮೇಲೆ ಈ ನೀಲಿ ಜರ್ಸಿ. ಅಂಗಿ ಬಿಚ್ಚಿಟ್ಟು ಹಾಕಿಕೊಳ್ಳಿ ಎಂದರೆ ಏಳು ಜನರಲ್ಲಿ ಒಬ್ಬಳೂ ಒಪ್ಪಿರಲಿಲ್ಲ.

"ಈಗ ನಾವ್ ಯಾವ್ ದೇಶ್ದೋರು ಮೇಡಮ್ಮೋರೆ?" ಹುಲಿಯಮ್ಮ ತುರುಬು ಕಟ್ಟಿಕೊಳ್ಳುತ್ತಾ ಕೇಳಿದಳು.

ಚಂದ್ರಿಕಾ ಹೆಸರು ಹೇಳಿದಳು. ಹುಲಿಯಮ್ಮ ಅದನ್ನು ನಾಲಿಗೆಯ ಮೇಲೆ ಒಂದೆರಡು ಸಲ ಹೊರಳಿಸಿ ನೋಡಿ ಕೈಬಿಟ್ಟಳು. ಆ ಹೆಸರು ಈ ಕಥೆಯಲ್ಲಿಯೂ ಬೇಡ. ಅಂದು ಬಾಳ್ಳುಪೇಟೆಯ ಆ ಮೈದಾನದ ಮೈಕಿನಲ್ಲಿ ಅದರ ಮಾನ ಹೋದದ್ದೇ ಸಾಕು. ಸಮುದ್ರದ ನಡುವೆ ಚೆಲ್ಲಿದ ಕೆಲವು ದ್ವೀಪಗಳು, ಅಷ್ಟೇ ಆ ದೇಶ. ಭೂಪಟದ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುತ್ತದೆ.

ಶಾಮಿಯಾನದ ಹೊರಗೆ ಹೆದ್ದಾರಿಯ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಆಟ ನೋಡಲೆಂದು ಕೆಲವರು ಲಾರಿ ಪಕ್ಕಕ್ಕೆ ಹಾಕಿ ಕ್ಯಾಬಿನ್ನಿನ ಮೇಲೆ ಹತ್ತಿ ಕೂತಿದ್ದರು. ಮೈದಾನದ ಸುತ್ತ ಏಳು ಬಾವುಟ, ಪ್ರವೇಶದಲ್ಲಿ ಅಡಿಕೆ ದಬ್ಬೆಯ ಕಮಾನು, ಅದರ ಮೇಲೆ 'ಅಂತರರಾಷ್ಟ್ರೀಯ ಗ್ರಾಮೀಣ ಕ್ರೀಡಾಕೂಟ' ಎಂಬ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಕೈಮುಗಿದು ನಿಂತವರ ಪೈಕಿ ಎಲ್ಲರಿಗಿಂತ ದೊಡ್ಡ ತಲೆ ಸುನಿಲ್‌ಕುಮಾರನದು. ಗೊಬ್ಬರದ ಅಂಗಡಿ, ಆಲೂರಿನ ಕಡೆ ಒಂದು ಖಾಸಗಿ ಹೈಸ್ಕೂಲಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಿರಿ, ಇವೆರಡರ ಜೊತೆಗೆ ಹೋದ ವರ್ಷದಿಂದ ಅವನೇ ಹುಟ್ಟುಹಾಕಿದ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷಗಿರಿಯೂ ಸೇರಿಕೊಂಡಿತ್ತು. ಚಂದ್ರಿಕಾ ಅದೇ ಹೈಸ್ಕೂಲಿನ ಪಿ.ಟಿ. ಟೀಚರು. ಸೇರಿದಾಗಿನಿಂದ ತಾತ್ಕಾಲಿಕ. ಜೂನ್ ಬರಲಿ, ನಿಮ್ಮದನ್ನು ಕಾಯಂ ಮಾಡಿಬಿಡೋಣ ಎಂದು ಸುನಿಲ್‌ಕುಮಾರ್ ಎಷ್ಟೋ ಜೂನ್‌ಗಳಿಂದ ಹೇಳುತ್ತಾ ಬಂದಿದ್ದ. ಈ ಸಲ ಹೇಳುವಾಗ ಮಾತ್ರ, ಕ್ರೀಡಾಕೂಟ ಚೆನ್ನಾಗಿ ಆಗಲಿ ಎಂದು ಮೊದಲು ಸೇರಿಸಿದ್ದ.

ಏಳು ದೇಶಗಳೆಂದರೆ ಏನು ಎಂಬುದು ಅವಳಿಗೆ ಉದ್ಘಾಟನೆಗೆ ಮುಂಚೆಯೇ ಗೊತ್ತಾಗಿತ್ತು. ಒಂದು ದೇಶದವರು ದೋಣಿಗಲ್ ಹತ್ತಿರದ ರೆಸಾರ್ಟಿನ ಅಡುಗೆಮನೆಯ ಹುಡುಗರು. ಇನ್ನೊಂದು ದೇಶದವರು ಬೆಂಗಳೂರಿನಲ್ಲಿ ಓದುವ ವಿದ್ಯಾರ್ಥಿಗಳು. ಕಾಫಿ ತೋಟ ತೋರಿಸುತ್ತೇವೆ, ಊಟ ಹಾಕುತ್ತೇವೆ ಎಂದು ಬಸ್ಸಿನಲ್ಲಿ ತುಂಬಿಕೊಂಡು ಬಂದವರು. ಎರಡು ದೇಶಗಳನ್ನು ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದ ಬಂದ ಕೂಲಿಗಳಿಂದ ಮಾಡಲಾಗಿತ್ತು. ಇವರ ಮುಖ ನೋಡಿದರೆ ಯಾರೂ ಕೇಳುವುದಿಲ್ಲ ಎಂದು ಸುನಿಲ್‌ಕುಮಾರ್ ನಕ್ಕಿದ್ದ. ಆ ನಗುವಿಗೆ ಸುತ್ತ ನಿಂತವರೂ ನಕ್ಕಿದ್ದರು. ಚಂದ್ರಿಕಾ ಲೆಮನ್ ರೇಸಿನ ಚಮಚಗಳನ್ನು ಜೋಡಿಸುವ ನೆಪದಲ್ಲಿ ಬಗ್ಗಿಬಿಟ್ಟಿದ್ದಳು.

ನಿಜವಾಗಿ ಬಂದವಳು ಒಬ್ಬಳೇ. ಸಲೋಮೆ.

ಅವಳ ತಂಡವನ್ನು ಎದುರುಗೊಳ್ಳಲು ಸಕಲೇಶಪುರದ ರೈಲು ನಿಲ್ದಾಣಕ್ಕೆ ಚಂದ್ರಿಕಾ ಎಂಟು ಸೇವಂತಿಗೆ ಹಾರ ಹಿಡಿದು ಹೋಗಿದ್ದಳು. ಇಳಿದದ್ದು ಎತ್ತರದ, ತೋರ ತೋಳಿನ, ಕೂದಲು ಗಿಡ್ಡಕ್ಕೆ ಕತ್ತರಿಸಿಕೊಂಡ ಒಬ್ಬ ಹೆಂಗಸು, ಮತ್ತು ಅವಳ ಅರ್ಧದಷ್ಟಿದ್ದ ಒಂದು ಚೀಲ. ಉಳಿದವರಿಗೆ ವೀಸಾ ಸಿಗಲಿಲ್ಲವಂತೆ. ಸುನಿಲ್‌ಕುಮಾರನ ಸಂಸ್ಥೆಯ ವೆಬ್‌ಸೈಟು ನೋಡಿ ಅವಳ ಊರಿನ ಚರ್ಚಿನವರೇ ಹಣ ಕೂಡಿಸಿ ಕಳುಹಿಸಿದ್ದರು. ತನ್ನ ದೇಶಕ್ಕೆ ಯಾವ ಆಟದಲ್ಲೂ ಇದುವರೆಗೆ ಒಂದು ಪದಕ ಬಂದಿಲ್ಲ ಎಂದು ಸಲೋಮೆ ಜೀಪಿನಲ್ಲಿ ಕೂತ ಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಅವಳಿಗೂ ಅದು ಶಾಲೆಯಲ್ಲಿ ಕಲಿತ ಇಂಗ್ಲಿಷು, ಚಂದ್ರಿಕಾಗೂ ಅಷ್ಟೇ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಬಂಗಾರ ಬೇಡ, ಯಾವುದಾದರೂ ಒಂದು ಸಾಕು, ಖಾಲಿ ಕೈಯಲ್ಲಿ ಮಾತ್ರ ಹೋಗಲಾರೆ ಎಂದಳು.

ಚಂದ್ರಿಕಾ ಫೋನು ಮಾಡಿ ವಿಷಯ ತಿಳಿಸಿದಾಗ ಸುನಿಲ್‌ಕುಮಾರ್ ಹಿಗ್ಗಿಹೋದ.

"ಒಬ್ಳಾದ್ರೂ ಬಂದ್ಲಲ್ಲ ಮೇಡಂ, ಅಸಲಿ ಫಾರಿನ್ನು. ಪೇಪರ್‌ನವ್ರ ಫೋಟೋಕ್ಕೆ ಅಷ್ಟೇ ಬೇಕಾಗಿದ್ದು. ಮಿಕ್ಕೋರನ್ನ ನಾವ್ ಹಾಕೋಣ."

ಹಾಕಿದ್ದು ಹುಲಿಯಮ್ಮನ ಗುಂಪನ್ನು. ದೋಣಿಗಲ್ ಆಚೆಯ ಎಸ್ಟೇಟೊಂದರ ಕೂಲಿಗಳ ಲೈನ್‌ಮನೆಯ ಹೆಂಗಸರು, ಸ್ವಾತಂತ್ರ್ಯ ದಿನದ ಹಗ್ಗಜಗ್ಗಾಟದಲ್ಲಿ ಪ್ರತಿ ವರ್ಷ ಸ್ಟೀಲಿನ ಕೊಳಗ ಗೆಲ್ಲುವವರು. ಸಣ್ಣ ದೇಶಗಳಿಗೆ ಅತಿಥಿ ಆಟಗಾರರನ್ನು ಸೇರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ ಎಂದು ಸಲೋಮೆಗೆ ಹೇಳಬೇಕೆಂಬ ಅಪ್ಪಣೆಯಾಯಿತು. ಚಂದ್ರಿಕಾ ಹೇಳಿದಳು. ಹೇಳುವಾಗ ಸಲೋಮೆಯ ಮುಖ ನೋಡದೆ ಜೀಪಿನ ಕಿಟಕಿಯ ಕಡೆ ನೋಡಿದಳು. ಸಲೋಮೆ ಪಕ್ಕದ ಚೀಲದ ಮೇಲೆ ಕೈಯಿಟ್ಟು, ಹಾಗಾದರೆ ಜರ್ಸಿಗಳು ದಂಡವಾಗಲಿಲ್ಲ ಎಂದಳು.

ಎಸ್ಟೇಟಿನ ಕಾಫಿ ಕಣದಲ್ಲಿ ಅಭ್ಯಾಸ. ರೋಬಸ್ಟಾ ಒಣಹಾಕಿದ್ದನ್ನು ಒಂದು ಕಡೆ ಗುಡಿಸಿ ಜಾಗ ಮಾಡಿದ್ದರು. ಸಲೋಮೆ ಚೀಲ ಬಿಚ್ಚಿ ಜರ್ಸಿ ಹಂಚಿದಳು. ಪ್ರತಿಯೊಂದರ ಬೆನ್ನ ಮೇಲೂ ಅವಳ ಊರಿನ ಒಬ್ಬೊಬ್ಬಳ ಹೆಸರು. ಕೊಡುವಾಗಲೆಲ್ಲ ಆ ಹೆಸರಿನವಳ ವಿಷಯ ಹೇಳುತ್ತಿದ್ದಳು, ಚಂದ್ರಿಕಾ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಲಿಂಗಮ್ಮನಿಗೆ ಬಂದದ್ದು ಮೀನು ಹೆಚ್ಚುವವಳದು, ಹುಲಿಯಮ್ಮನಿಗೆ ಬಂದದ್ದು ಸಲೋಮೆಯ ಚಿಕ್ಕಮ್ಮನದು. ಆ ಚಿಕ್ಕಮ್ಮ ಗಂಡನನ್ನು ಸಮುದ್ರಕ್ಕೆ ಕೊಟ್ಟವಳು ಎಂದು ತಿಳಿದ ಮೇಲೆ ಹುಲಿಯಮ್ಮ ಜರ್ಸಿಯನ್ನು ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿಟ್ಟಳು.

ಆಮೇಲೆ ಹಗ್ಗ ಹಿಡಿದರು. ಹುಲಿಯಮ್ಮನ ಗುಂಪಿಗೆ ಹಗ್ಗ ಹೊಸದಲ್ಲ. ಇಳಿಜಾರಿನ ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರ ಕಡಿದು ಬೀಳಿಸಿದರೆ ಅದರ ತುಂಡನ್ನು ಕಾಫಿ ಗಿಡ ಮುರಿಯದಂತೆ ಹಗ್ಗ ಬಿಗಿದು ಮೇಲಿನ ದಾರಿಗೆ ಎಳೆಯಬೇಕು. ಟ್ರ್ಯಾಕ್ಟರು ಅಲ್ಲಿಗೆ ಇಳಿಯುವುದಿಲ್ಲ. ಒಬ್ಬಳು ಹಿಂದೆ ನಿಂತು 'ಐಸಾ' ಎಂದು ಕೂಗು ಕೊಡುತ್ತಾಳೆ, ಉಳಿದವರು 'ಹೋಯ್' ಎಂದು ಎಳೆಯುತ್ತಾರೆ. ಕೂಗು ಬಿದ್ದ ಮೇಲೆ ಹಗ್ಗ ಬಿಡುವಂತಿಲ್ಲ. ಕೈ ಸುಲಿಯಲಿ, ಇರುವೆ ಕಚ್ಚಲಿ, ಸೀರೆ ಬಿಚ್ಚಲಿ, ಬಿಡುವಂತಿಲ್ಲ. ಬಿಟ್ಟರೆ ತುಂಡು ಉರುಳುವುದು ಕೆಳಗೆ ನಿಂತವರ ಮೇಲೆ. ಹುಲಿಯಮ್ಮನ ತಂಗಿಯ ಕಾಲು ಹೋದದ್ದು ಹಾಗೆ ಯಾರೋ ಒಬ್ಬಳು ಬಿಟ್ಟದ್ದರಿಂದ.

ಸಲೋಮೆಯ ಊರಿನಲ್ಲಿ ದೋಣಿಗಳನ್ನು ದಡಕ್ಕೆ ಎಳೆಯುವುದೂ ಹೆಂಗಸರೇ ಅಂತೆ. ಅಲ್ಲಿಯೂ ಹಿಂದಿನವಳು ಕೂಗುತ್ತಾಳಂತೆ. ಇಲ್ಲಿ ಸಲೋಮೆಯೇ ಎಲ್ಲರಿಗಿಂತ ದಪ್ಪಗಿದ್ದುದರಿಂದ ಹಗ್ಗದ ತುದಿಯನ್ನು ಬೆನ್ನಿಗೂ ಸೊಂಟಕ್ಕೂ ಸುತ್ತಿಕೊಂಡು ಕೊನೆಯಲ್ಲಿ ನಿಂತಳು, ಕೂಗನ್ನೂ ಕಲಿತಳು. ಅವಳ ಬಾಯಲ್ಲಿ ಅದು ಬೇರೆ ಥರ, ಸ್ವಲ್ಪ ಹಾಡಿನ ಹಾಗೆ ಬರುತ್ತಿತ್ತು. ಮೊದಲು ಹೆಂಗಸರು ನಕ್ಕರು. ಸಂಜೆಯ ಹೊತ್ತಿಗೆ ನಗು ನಿಂತು, ಕೂಗಿಗೆ ಸರಿಯಾಗಿ ಏಳು ಬೆನ್ನುಗಳು ಒಟ್ಟಿಗೆ ಹಿಂದಕ್ಕೆ ವಾಲುತ್ತಿದ್ದವು. ಕಣದ ಕಂಬಕ್ಕೆ ಕಟ್ಟಿದ್ದ ಹಗ್ಗದ ಗಂಟು ಬಿಗಿದು ಬಿಚ್ಚಲಾಗದೆ, ಕೊನೆಗೆ ಕತ್ತಿಯಲ್ಲಿ ಕಡಿಯಬೇಕಾಯಿತು.

ಚಂದ್ರಿಕಾಗೆ ಅಂದು ಬಹಳ ದಿನಗಳ ಮೇಲೆ ತಾನು ಪಿ.ಟಿ. ಟೀಚರು ಎಂಬುದು ನೆನಪಾಯಿತು. ಅದು ಮರುದಿನದವರೆಗೂ ಉಳಿಯಲಿಲ್ಲ.

ಬೆಂಗಳೂರಿನ ವಿದ್ಯಾರ್ಥಿನಿಯರನ್ನು, ಅಸ್ಸಾಮಿನ ಹೆಂಗಸರನ್ನು ಎಳೆದುಹಾಕಿ ದ್ವೀಪದ ತಂಡ ಫೈನಲ್ಲಿಗೆ ಬಂದಿತ್ತು. ಎದುರಾಳಿ ಭಾರತ. ಭಾರತವೆಂದರೆ ಸುನಿಲ್‌ಕುಮಾರನ ಸಂಸ್ಥೆಯ ಬೆಂಗಳೂರು ಶಾಖೆಯ ಹೆಂಗಸರು. ಒಳ್ಳೆ ಬೂಟು, ಒಂದೇ ಬಣ್ಣದ ಕೈಗವಸು. ಪದಕ ಕೊಡಲು ಬರುವ ಮುಖ್ಯ ಅತಿಥಿಗಳಿಗೆ ಭಾರತ ಬಂಗಾರ ಗೆಲ್ಲುವುದನ್ನು ತೋರಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ವೇದಿಕೆಯ ಹಿಂದೆ ಸುತ್ತಿಟ್ಟಿದ್ದ ಫ್ಲೆಕ್ಸೊಂದರ ತುದಿ ಗಾಳಿಗೆ ಬಿಚ್ಚಿಕೊಂಡು, ಬಂಗಾರ ಗೆದ್ದ ಭಾರತದ ವನಿತೆಯರಿಗೆ ಅಭಿನಂದನೆ ಎಂಬಷ್ಟು ಅಕ್ಷರಗಳು ಬೆಳಿಗ್ಗೆಯೇ ಕಾಣುತ್ತಿದ್ದವು. ಚಂದ್ರಿಕಾ ಅದನ್ನು ಓದಿ ನಿಂತಿರುವಾಗಲೇ ಸುನಿಲ್‌ಕುಮಾರ್ ಪಕ್ಕಕ್ಕೆ ಕರೆದು ಹೇಳಿದ. ಮೊದಲನೆಯ ಎಳೆತ ಭಾರತಕ್ಕೆ, ಎರಡನೆಯದು ನಿಮಗೆ, ಮೂರನೆಯದು ಭಾರತಕ್ಕೆ. ಜನರಿಗೂ ಮಜಾ ಬರಬೇಕಲ್ಲ. ಆ ಹೆಂಗಸರಿಗೆ ನೀವೇ ಹೇಳಿಬಿಡಿ, ನಿಮ್ಮ ಮಾತು ಕೇಳುತ್ತಾರೆ.

ಶಾಮಿಯಾನದೊಳಗೆ ಹುಲಿಯಮ್ಮನ ಜರ್ಸಿ ಸರಿಮಾಡುತ್ತಾ ಚಂದ್ರಿಕಾ ಅದನ್ನು ಹೇಳಿದಳು. ಸಲೋಮೆ ಆಚೆ ಮೂಲೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಳು.

"ಅದ್ಕೇನ್ ಬುಡಿ," ಹುಲಿಯಮ್ಮ ಹೇಳಿದಳು. "ಗೆದ್ರೂ ಅದೇ ಕೂಲಿ, ಸೋತ್ರೂ ಅದೇ ಕೂಲಿ. ಸೋಲಕ್ಕೇನ್ ನಮ್ಗ್ ಯಾರೂ ಕಲಿಸ್ಬೇಕಾಗಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಆವಮ್ಮಂಗ್ ಹೇಳಿದ್ದೀರಾ?"

"ಇಲ್ಲ."

"ಪಾಪ ಕಣ್ರೀ. ಅದೂ ಹೆಣ್ಣೇ ಅಲ್ವಾ. ಹೇಳ್ಬುಟ್ರೆ ಆಯ್ತಿತ್ತು."

ಚಂದ್ರಿಕಾ ಜರ್ಸಿಯ ಅಂಚು ಕೆಳಕ್ಕೆ ಎಳೆದಳು. ಹೇಳಿಬಿಟ್ಟರೆ ಸಲೋಮೆ ಆಡುವುದಿಲ್ಲ, ಆಡದಿದ್ದರೆ ಕಾರಣ ಹೇಳುತ್ತಾಳೆ, ಅಲ್ಲಿಗೆ ಜೂನ್ ಮುಗಿಯಿತು. ಸೋತರೂ ಬೆಳ್ಳಿ ಸಿಗುತ್ತದಲ್ಲ, ಅವಳಿಗೆ ಯಾವುದಾದರೂ ಒಂದು ಸಾಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮುಖ್ಯ ಅತಿಥಿಗಳು ಬಂದರು. ಪಟಾಕಿ, ಪೇಟ, ಹಾರ, ಏಲಕ್ಕಿ ಮಾಲೆ ಎಲ್ಲ ಮುಗಿದು ಹಗ್ಗ ನೆಲಕ್ಕೆ ಬಿತ್ತು. ಸುತ್ತ ಸೇರಿದ್ದ ಜನಕ್ಕೆ ದ್ವೀಪದ ತಂಡದ ಗುಟ್ಟು ಗೊತ್ತಿಲ್ಲದ್ದೇನಲ್ಲ. ಹುಲಿಯಕ್ಕ, ಎಳಿಯಕ್ಕ ಎಂದು ಎಸ್ಟೇಟಿನ ಹುಡುಗರೇ ಕೂಗುತ್ತಿದ್ದರು. ವೇದಿಕೆಯ ಮೇಲೆ ಕೂತವರು ಅದನ್ನು ಕೇಳಿಸಿಕೊಂಡು ನಗುತ್ತಿದ್ದರು. ಎಲ್ಲರಿಗೂ ಗೊತ್ತಿರುವ ಸುಳ್ಳು ತಮಾಷೆಯಾಗಿಬಿಡುತ್ತದೆ, ತಮಾಷೆಗೆ ಯಾರೂ ತಪ್ಪು ಹೊರಿಸುವುದಿಲ್ಲ.

ಮೊದಲನೆಯ ಎಳೆತ ಹೇಳಿದಂತೆ ಹೋಯಿತು. ಹುಲಿಯಮ್ಮ ಮುಂದೆ ನಿಂತು ಕಾಲು ಜಾರಿದವಳಂತೆ ಮಾಡಿದಳು, ಹಿಂದಿನವರು ಅವಳ ಹಿಂದೆ ಜಾರಿದರು. ಸಲೋಮೆ ಎದ್ದು ಮೊಣಕೈಯ ಮಣ್ಣು ಒರೆಸಿಕೊಂಡು, ಪರವಾಗಿಲ್ಲ ಎಂದು ಪ್ರತಿಯೊಬ್ಬಳ ಬೆನ್ನು ತಟ್ಟಿದಳು. ಎರಡನೆಯದರಲ್ಲಿ ಗೆದ್ದರು. ಅದೂ ಹೇಳಿದಂತೆಯೇ ಆದದ್ದು, ಆದರೆ ಸಲೋಮೆಗೆ ಅದು ಗೊತ್ತಿಲ್ಲ. ಅವಳು ಲಿಂಗಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಲಿಂಗಮ್ಮ ನಗಲಾರದೆ ಚಂದ್ರಿಕಾಳ ಕಡೆ ನೋಡಿದಳು. ಚಂದ್ರಿಕಾ ಮುಖ ತಿರುಗಿಸಿದಳು.

ಮೂರನೆಯದಕ್ಕೆ ಸೀಟಿ ಬಿತ್ತು. ಸ್ವಲ್ಪ ಹೊತ್ತು ಹಗ್ಗ ಅತ್ತಿತ್ತ ಆಗದೆ ನಿಂತಿತು. ಆಮೇಲೆ ಹುಲಿಯಮ್ಮ ಕೈ ಸಡಿಲಿಸಿದ್ದು ಚಂದ್ರಿಕಾಗೆ ಕಂಡಿತು. ಅವಳ ಹಿಂದೆ ಲಿಂಗಮ್ಮ, ಲಿಂಗಮ್ಮನ ಹಿಂದೆ ಉಳಿದವರು. ಹಗ್ಗ ಹಿಡಿದಂತೆ ಕಾಣುತ್ತಿತ್ತು, ಯಾರೂ ಹಿಡಿದಿರಲಿಲ್ಲ. ಭಾರ ಪೂರ್ತಿ ಸಲೋಮೆಯ ಮೇಲೆ ಬಿತ್ತು. ಹಗ್ಗ ಅವಳ ಸೊಂಟಕ್ಕೆ ಸುತ್ತಿತ್ತು. ಉಳಿದವರ ಹಾಗೆ ಬಿಡುತ್ತೇನೆಂದರೂ ಬಿಡುವಂತಿರಲಿಲ್ಲ. ಎರಡೂ ಹಿಮ್ಮಡಿ ನೆಲದಲ್ಲಿ ಊರಿ, ಮಣ್ಣಿನಲ್ಲಿ ಎರಡು ಗೀರು ಎಳೆಯುತ್ತಾ ಅವಳು ಮುಂದಕ್ಕೆ ಜಾರತೊಡಗಿದಳು. ಜರ್ಸಿ ಮೇಲಕ್ಕೆ ಸರಿದು ಹಗ್ಗ ಬರಿಯ ಹೊಟ್ಟೆಗೆ ಕೊರೆಯುತ್ತಿತ್ತು. ಏನಾಗುತ್ತಿದೆ ಎಂದು ತಿಳಿಯದೆ ಮುಂದಿನ ಏಳು ಬೆನ್ನುಗಳನ್ನು ನೋಡಿದಳು. ಅವಳು ಆ ಹೆಂಗಸರಿಗೆ ಹೇಳಬಲ್ಲ ಮಾತು ಇದ್ದದ್ದೇ ಒಂದು.

"ಐಸಾ," ಎಂದು ಕೂಗಿದಳು.

ಆಮೇಲೆ ಆದದ್ದನ್ನು ಯಾರೂ ತೀರ್ಮಾನಿಸಿ ಮಾಡಿದ್ದಲ್ಲ. ಹುಲಿಯಮ್ಮನ ಬೆರಳುಗಳು ತಾವಾಗಿ ಬಿಗಿದವು. 'ಹೋಯ್' ಎಂದು ಏಳು ಗಂಟಲುಗಳಿಂದ ಬಂತು. ಹಗ್ಗ ಹಿಡಿದ ಒಬ್ಬಳು ಹಿಂದಿನಿಂದ ಕೂಗು ಕೊಟ್ಟಿದ್ದಳು, ಹಗ್ಗಕ್ಕೆ ಕಟ್ಟಿಕೊಂಡ ಅವಳನ್ನೇ ಹಗ್ಗ ಎಳೆದುಕೊಂಡು ಹೋಗುತ್ತಿತ್ತು. ಇಂಥ ಹೊತ್ತಿನಲ್ಲಿ ಬಿಡುವುದನ್ನು ಆ ಕೈಗಳು ಕಲಿತಿರಲಿಲ್ಲ. ಎರಡನೆಯ ಕೂಗಿಗೆ ಭಾರತದ ಬೂಟುಗಳು ಹುಲ್ಲು ಬಿಟ್ಟು ಮಣ್ಣಿಗೆ ಬಂದವು. ಮೂರನೆಯದಕ್ಕೆ ಮುಂದಿದ್ದವಳು ಮೊಣಕಾಲೂರಿದಳು. ಮುಂದೆ ಲೆಕ್ಕವಿಲ್ಲ. ಸೀಟಿ ಊದಿದ ಮೇಲೂ ಹುಲಿಯಮ್ಮನ ಗುಂಪು ಎಳೆಯುತ್ತಲೇ ಇತ್ತು.

ಸಲೋಮೆ ಮಣ್ಣಿನಲ್ಲಿ ಬೋರಲು ಬಿದ್ದು ಅಳುತ್ತಿದ್ದಳು. ಜನ ಮೊದಲು ಚಪ್ಪಾಳೆ ತಟ್ಟಿದರು, ಸೀಟಿ ಹೊಡೆದರು. ವೇದಿಕೆಯ ಮೇಲೆ ಯಾರೂ ಚಪ್ಪಾಳೆ ತಟ್ಟುತ್ತಿಲ್ಲ ಎಂಬುದು ಕಂಡಾಗ ಅವರ ಚಪ್ಪಾಳೆಯೂ ನಿಂತಿತು. ಹುಲಿಯಮ್ಮ ಎದ್ದು ತನ್ನ ಕೈಗಳನ್ನು ನೋಡಿಕೊಂಡಳು.

"ಏನ್ ಮಾಡ್ಬುಟ್ವಿ ಮೇಡಮ್ಮೋರೆ," ಎಂದಳು. "ಕೂಗ್ ಕೊಟ್ಬುಟ್ಳಲ್ಲ. ಎಂಗ್ ಬುಡಾದು?"

ವೇದಿಕೆಯ ಮೇಲೆ ತಲೆಗಳು ಕೂಡಿದವು. ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ಸುನಿಲ್‌ಕುಮಾರ್ ಮೈಕಿನ ಮುಂದೆ ಬಂದು ಒಂದೆರಡು ಸಲ ಊದಿ, ಗಂಟಲು ಸರಿಮಾಡಿಕೊಂಡು, ಅಚ್ಚ ಕನ್ನಡದಲ್ಲಿ ಪ್ರಕಟಿಸಿದ. ಬಹಳ ವಿಷಾದದಿಂದ ತಿಳಿಸಬೇಕಾಗಿದೆ ಎಂದು ಶುರುಮಾಡಿದ. ದ್ವೀಪ ರಾಷ್ಟ್ರದ ತಂಡ ಸಂಸ್ಥೆಯನ್ನು ವಂಚಿಸಿ, ಸ್ಥಳೀಯ ಹೆಂಗಸರನ್ನು ತನ್ನ ಆಟಗಾರರೆಂದು ತೋರಿಸಿ ಆಡಿಸಿದೆ. ಇದು ಪರಿಶೀಲನೆಯಿಂದ ಈಗಷ್ಟೇ ಬೆಳಕಿಗೆ ಬಂದಿದೆ. ಅಂತರರಾಷ್ಟ್ರೀಯ ಕ್ರೀಡೆಗೆ ಇದೊಂದು ಕಪ್ಪು ಚುಕ್ಕೆ. ಆ ರಾಷ್ಟ್ರದ ಈ ಕಳ್ಳಾಟವನ್ನು ಖಂಡಿಸುತ್ತಾ, ಭಾರತವನ್ನು ವಿಜಯಿಯೆಂದು ಘೋಷಿಸಲಾಗಿದೆ. ಕಳ್ಳಾಟ ಎಂಬ ಮಾತು ಬಂದಾಗ ಕೈಯನ್ನು ಸಲೋಮೆಯ ಕಡೆ ಚಾಚಿ ತೋರಿಸಿದ.

ಆಮೇಲೆ ಲಾರಿಯ ಮೇಲಿನಿಂದ ಯಾರೋ ಹೋ ಎಂದರು. ಅದು ಹಬ್ಬಿತು. ಆಗಲೇ ಹುಲಿಯಕ್ಕ ಎಂದು ಕೂಗಿದ ಹುಡುಗರೇ ಈಗ ಕಳ್ರು, ಕಳ್ರು ಎಂದು ಕೂಗಿದರು. ಅವರಿಗೆ ಇದು ಮೊದಲಿನದಕ್ಕಿಂತ ಒಳ್ಳೆಯ ಮಜಾ. ಒಂದು ನೀರಿನ ಪೊಟ್ಟಣ ಹಾರಿ ಬಂದು ಲಿಂಗಮ್ಮನ ಕಾಲ ಬಳಿ ಒಡೆಯಿತು.

ಹುಲಿಯಮ್ಮ ಜರ್ಸಿ ಬಿಚ್ಚಿದಳು. ಹಾಕುವಾಗ ಅಷ್ಟು ಕಾಡಿದ್ದು ಒಂದೇ ಎಳೆತಕ್ಕೆ ಬಂತು. ಮಡಿಸಿ ಸಲೋಮೆಯ ಪಕ್ಕದಲ್ಲಿ ಇಟ್ಟು, ವೇದಿಕೆಯ ಕಡೆ ತಿರುಗಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪೂರ್ತಿ ಉಗುಳಿದಳು.

"ಜೀಪ್‌ನಾಗ್ ತುಂಬ್ಕಂಡ್ ಬಂದೋರು ಇವ್ರೇ. ನಾವ್ ಕಳ್ರಂತೆ. ನಡೀರೇ," ಎಂದಳು. ಉಳಿದವರೂ ಜರ್ಸಿ ಬಿಚ್ಚಿ ಮಡಿಸಿಟ್ಟರು. ಏಳೂ ಜನ ಗುಂಪಿನ ನಡುವೆ ದಾರಿ ಮಾಡಿಕೊಂಡು ಹೆದ್ದಾರಿಯ ಕಡೆ ಹೋದರು. ಅವರನ್ನು ವಾಪಸು ಬಿಡಲು ಜೀಪು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಸುನಿಲ್‌ಕುಮಾರ್ ವೇದಿಕೆ ಇಳಿದು ಚಂದ್ರಿಕಾಳ ಹತ್ತಿರ ಬಂದ. ಬೆವರು ಒರೆಸಿಕೊಳ್ಳುತ್ತಿದ್ದ, ಆದರೆ ಖುಷಿಯಲ್ಲಿದ್ದ.

"ಅವಳಿಗೆ ಸೆಕೆಂಡ್ ಬಂದಿದೆ ಅಂತ ಹೇಳ್ಬಿಡಿ ಮೇಡಂ. ಬೆಳ್ಳಿ ಕೊಟ್ಟು ಫೋಟೋ ತೆಗೆಸಿ ಕಳಿಸೋಣ. ಮೂರನೇ ಸಲ ಫೌಲ್ ಆಯ್ತು ಅನ್ನಿ. ಕನ್ನಡ ಬರಲ್ವಲ್ಲ ಅವಳಿಗೆ, ದೇವ್ರು ದೊಡ್ಡೋನು." ನಡೆದು ಹೋಗುತ್ತಾ ಮತ್ತೆ ತಿರುಗಿದ. "ಜೂನ್ ಮರ್ತಿಲ್ಲ ನಾನು."

ಸಲೋಮೆ ಎದ್ದು ಕೂತಿದ್ದಳು. ಹೊಟ್ಟೆಯ ಸುತ್ತ ಹಗ್ಗ ಉಜ್ಜಿದ ಕಡೆ ಚರ್ಮ ಸುಲಿದು ಕೆಂಪಗಾಗಿತ್ತು. ಮಡಿಸಿಟ್ಟ ಜರ್ಸಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ, ಅವರೆಲ್ಲ ಎಲ್ಲಿಗೆ ಹೋದರು, ಮೈಕಿನಲ್ಲಿ ಹೇಳಿದ್ದೇನು, ಜನ ಯಾಕೆ ಕೂಗುತ್ತಿದ್ದಾರೆ ಎಂದು ಕೇಳಿದಳು. ಚಂದ್ರಿಕಾ ಅವಳ ಎದುರು ನೆಲದ ಮೇಲೆ ಕೂತಳು. ಫೌಲ್ ಎಂಬ ಮಾತು ಬಾಯಿಯವರೆಗೂ ಬಂತು. ಇನ್ನೊಂದು ಸುಳ್ಳನ್ನು ಇವಳ ಮುಖಕ್ಕೆ ಹೇಳಲು ತನ್ನಿಂದ ಆಗುವುದಿಲ್ಲ ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತು. ಜೂನ್ ಹಾಳಾಗಿ ಹೋಗಲಿ.

ಎಲ್ಲ ಹೇಳಿದಳು. ಅತಿಥಿ ಆಟಗಾರರ ನಿಯಮ ಎಂಬುದೇ ಇಲ್ಲ. ಯಾವ ದೇಶವೂ ಬಂದಿಲ್ಲ. ಸೋಲಬೇಕೆಂದು ಹೇಳಿದ್ದರು, ಹೇಳಿದವಳು ನಾನೇ. ಈಗ ನಿನ್ನ ದೇಶ ಮೋಸ ಮಾಡಿತೆಂದು ಮೈಕಿನಲ್ಲಿ ಕೂಗಿದ್ದಾರೆ, ಈ ಜನ ಕಳ್ಳರು ಎಂದು ಅರಚುತ್ತಿರುವುದು ನಿನ್ನನ್ನೇ. ಬೇಕಾದರೆ ಬಾ, ಆ ಮೈಕಿನಲ್ಲಿ ನಾನು ನಿನ್ನ ಪರವಾಗಿ ಇದನ್ನೇ ಹೇಳುತ್ತೇನೆ. ಪೇಪರಿನವರೂ ಇದ್ದಾರೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವಳ ಮೈ ಹಗುರವಾಗಿತ್ತು.

ಸಲೋಮೆ ಜರ್ಸಿಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನನಗೆ ಗೊತ್ತಿತ್ತು," ಎಂದಳು. "ಉದ್ಘಾಟನೆಯಲ್ಲಿ ನನ್ನ ಮುಂದೆ ಬೇರೆ ದೇಶದ ಬಾವುಟ ಹಿಡಿದು ನಡೆದ ಹುಡುಗರೇ ಆ ಸಂಜೆ ನಾನು ಉಳಿದ ರೆಸಾರ್ಟಿನಲ್ಲಿ ನನಗೆ ಊಟ ಬಡಿಸಿದರು."

ಸೋಲುವ ಮಾತು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಕೇಳಿದಾಗ ಒಂದು ಸಲ ತಲೆ ಎತ್ತಿ ಹೆದ್ದಾರಿಯ ಕಡೆ, ಹೆಂಗಸರು ಹೋದ ದಿಕ್ಕಿಗೆ ನೋಡಿದ್ದಳು. ಈಗ ಜರ್ಸಿಗಳನ್ನು ಚೀಲಕ್ಕೆ ತುಂಬಿ, ಜಿಪ್ಪು ಎಳೆದು, ಮುಖ ಒರೆಸಿಕೊಂಡಳು. ಬೆಳ್ಳಿ ಕೊಡುತ್ತಾರೆಯೇ ಎಂದು ಕೇಳಿದಳು.

ಚಂದ್ರಿಕಾಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು. ಕೊಡುತ್ತಾರೆ, ಆದರೆ ಅದು ನಿನ್ನ ಬಾಯಿ ಮುಚ್ಚಿಸಲು ಎಂದಳು.

"ಕೊಡಲಿ," ಸಲೋಮೆ ಹೇಳಿದಳು. "ದೋಣಿ ಇಳಿಯುವ ಕಡೆ ನಮ್ಮ ಚರ್ಚಿನವರೆಲ್ಲ ಬಂದು ನಿಂತಿರುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ."

ಎದ್ದು ನಿಂತು, ಜರ್ಸಿಯನ್ನು ಕೆಳಕ್ಕೆ ಎಳೆದು ಹೊಟ್ಟೆಯ ಗಾಯ ಮುಚ್ಚಿಕೊಂಡು, ಅವಳು ವೇದಿಕೆಯ ಮುಂದಿನ ಮೂರು ಮೆಟ್ಟಿಲಿನ ಮರದ ಪೀಠದ ಕಡೆ ನಡೆದಳು. ಮೇಲಿನ ಮೆಟ್ಟಿಲ ಮೇಲೆ ಭಾರತದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಎರಡನೆಯ ಮೆಟ್ಟಿಲಿನಲ್ಲಿ ಎಂಟು ಜನಕ್ಕೆ ಜಾಗ ಬಿಟ್ಟಿದ್ದರು. ಸಲೋಮೆ ಅದರ ನಡುವೆ ನಿಂತಳು. ಮುಖ್ಯ ಅತಿಥಿಗಳು ಪದಕ ಹಾಕಿ, ಇಂಗ್ಲಿಷಿನಲ್ಲಿ ಕಂಗ್ರಾಚುಲೇಷನ್ಸ್ ಎಂದು ಕೈ ಕುಲುಕಿದರು. ಅದನ್ನು ಕಂಡು ಜನ ಇನ್ನೂ ಜೋರಾಗಿ ಕೂಗಿದರು. ಸುನಿಲ್‌ಕುಮಾರ್ ದೂರದಿಂದಲೇ ಚಂದ್ರಿಕಾಳ ಕಡೆ ಹೆಬ್ಬೆರಳು ಎತ್ತಿ ತೋರಿಸಿ, ಚೆನ್ನಾಗಿ ನಿಭಾಯಿಸಿದಿರಿ ಎಂಬಂತೆ ತಲೆಯಾಡಿಸಿದ. ಅಲ್ಲ, ನಾನು ನಿಜ ಹೇಳಿದೆ ಎಂದು ಅವನಿಗೆ ಹೇಳಲು ಈಗ ಯಾವ ದಾರಿಯೂ ಇರಲಿಲ್ಲ. ಕೆಲಸ ಕಾಯಂ ಆಗುತ್ತದೆ ಎಂಬುದು ಅವಳಿಗೆ ಆ ಹೆಬ್ಬೆರಳಿನಲ್ಲೇ ಗೊತ್ತಾಯಿತು.

ಸಲೋಮೆ ಬಗ್ಗಿ ತನ್ನ ಫೋನನ್ನು ಚಂದ್ರಿಕಾಳ ಕೈಗೆ ಕೊಟ್ಟಳು. ಹಿಂದಿರುವ ಜನರೂ ಬರಬೇಕು ಎಂದಳು.

ಚಂದ್ರಿಕಾ ಹಿಂದಕ್ಕೆ ಸರಿದು, ಮೇಲಿನ ಮೆಟ್ಟಿಲಿನವರು ಬಾರದ ಹಾಗೆ ಪಕ್ಕಕ್ಕೆ ಹೋಗಿ ಫೋನು ಎತ್ತಿದಳು. ಪರದೆಯಲ್ಲಿ ಸಲೋಮೆ ಪದಕವನ್ನು ಎದೆಯ ಮುಂದೆ ಹಿಡಿದು ನಗುತ್ತಿದ್ದಳು. ಅವಳ ಹಿಂದೆ ಲಾರಿಗಳ ಮೇಲೆ, ಕಾಂಪೌಂಡಿನ ಮೇಲೆ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನೂರಾರು ಜನ, ಎಲ್ಲರ ಕೈಯೂ ಮೇಲೆ, ಎಲ್ಲರ ಬಾಯಿಯೂ ತೆರೆದಿತ್ತು. ಫೋಟೋದಲ್ಲಿ ಕೂಗು ಕೇಳುವುದಿಲ್ಲ. ಒತ್ತಿದಳು. ಸಲೋಮೆ ಇಳಿದು ಬಂದು ನೋಡಿ, ತನ್ನ ಕಣ್ಣು ಮುಚ್ಚಿದೆ, ಇನ್ನೊಂದು ತೆಗೆ ಎಂದು ಮತ್ತೆ ಮೆಟ್ಟಿಲು ಹತ್ತಿದಳು. ಜನ ಇನ್ನೂ ಕೂಗುತ್ತಲೇ ಇದ್ದರು. ಚಂದ್ರಿಕಾ ಮತ್ತೆ ಫೋನು ಎತ್ತಿ ಹಿಡಿದಳು.